ಕೋರ್ಸ್ ಮಾಡಿಕೊಡಲು ಎಐ ಇದೆ, ಮತ್ತೆ ಇನ್‌ಸ್ಟ್ರಕ್ಷನಲ್ ಡಿಸೈನ್ ಎಂಎ ಯಾಕೆ?

2025ರ ಏಪ್ರಿಲ್ ಕೊನೆಯಲ್ಲಿ ಭಾಷೆ ಕಲಿಸುವ ಡ್ಯುವೊಲಿಂಗೊ ಆ್ಯಪ್ ಒಂದೇ ಸಲಕ್ಕೆ 148 ಹೊಸ ಕೋರ್ಸ್‌ಗಳನ್ನು ಬಿಡುಗಡೆ ಮಾಡಿತು. ಅದರ ಮೊದಲ 100 ಕೋರ್ಸ್‌ಗಳು ತಯಾರಾಗಲು ಸುಮಾರು 12 ವರ್ಷ ಹಿಡಿದಿತ್ತು. ಈ 148ಕ್ಕೆ ಹಿಡಿದದ್ದು ಸುಮಾರು ಒಂದೇ ವರ್ಷ. ಎಐ ಬಳಸಿದ್ದರಿಂದ ಇದು ಸಾಧ್ಯವಾಯಿತು ಎಂದು ಕಂಪನಿಯೇ ಹೇಳಿತು. ಎಐ ಮಾಡಬಲ್ಲ ಕೆಲಸಕ್ಕೆ ಗುತ್ತಿಗೆಯವರನ್ನು ಬಳಸುವುದನ್ನು ಮೆಲ್ಲಗೆ ನಿಲ್ಲಿಸುತ್ತೇವೆ ಎಂಬ ಪತ್ರವೂ ಅದೇ ವಾರ ಹೊರಬಿತ್ತು.

ಕೆಲವು ತಿಂಗಳ ನಂತರ ಯುಜಿಸಿ ಒಂದು ಸೂಚನೆ ಕೊಟ್ಟಿತು. ಮನಃಶಾಸ್ತ್ರ, ಪೌಷ್ಟಿಕ ಆಹಾರ ವಿಜ್ಞಾನ, ಮೈಕ್ರೋಬಯಾಲಜಿಯಂಥ ಆರೋಗ್ಯ ಸಂಬಂಧಿ ವಿಷಯಗಳನ್ನು ಇನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದಿತು. ನವೆಂಬರ್‌ನಲ್ಲಿ ಮೈಸೂರಿನ ಎಕ್ಸೆಲ್‌ಸಾಫ್ಟ್ ಟೆಕ್ನಾಲಜೀಸ್ ₹500 ಕೋಟಿಯ ಐಪಿಒ ತಂದಿತು. ಡಿಜಿಟಲ್ ಕಲಿಕೆ ಮತ್ತು ಆನ್‌ಲೈನ್ ಪರೀಕ್ಷೆಯ ತಂತ್ರಾಂಶ ಮಾಡುವ ಕಂಪನಿ ಅದು.

ಒಂದು ಸುದ್ದಿ ಓದಿದರೆ ಇ-ಲರ್ನಿಂಗ್ ಕ್ಷೇತ್ರದ ಕೆಲಸಗಳೆಲ್ಲ ಹೋದವು ಅನಿಸುತ್ತದೆ. ಇನ್ನೊಂದು ಓದಿದರೆ ಆನ್‌ಲೈನ್ ಕಲಿಕೆಯ ಮೇಲೆ ಸರ್ಕಾರಕ್ಕೇ ನಂಬಿಕೆ ಇಲ್ಲವೇನೋ ಅನಿಸುತ್ತದೆ. ಮೂರನೆಯದು ಓದಿದರೆ ದುಡ್ಡೆಲ್ಲ ಇಲ್ಲೇ ಇದೆ ಅನಿಸುತ್ತದೆ. ಈ ಗೊಂದಲದ ನಡುವೆ ಅನೇಕ ಶಿಕ್ಷಕರು, ಕಂಟೆಂಟ್ ಬರೆಯುವವರು, ಕೆಲಸ ಬಿಟ್ಟು ಮತ್ತೆ ಶುರು ಮಾಡಲು ನೋಡುತ್ತಿರುವ ತಾಯಂದಿರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಇನ್‌ಸ್ಟ್ರಕ್ಷನಲ್ ಡಿಸೈನ್ (ಪಾಠ ಕಟ್ಟುವ ವಿದ್ಯೆ) ಅಥವಾ ಇ-ಲರ್ನಿಂಗ್‌ನಲ್ಲಿ ಎಂಎ, ಪಿಜಿ ಡಿಪ್ಲೊಮಾ ಮಾಡುವುದರಲ್ಲಿ ಈಗ ಅರ್ಥವಿದೆಯೇ?

ಅರ್ಥವಿದೆ. ಆದರೆ ಎಲ್ಲ ಕೋರ್ಸ್‌ಗೂ ಈ ಮಾತು ಹೊಂದುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಈ ಕೆಲಸ ಏನು?

ಗ್ರಾಮ ಪಂಚಾಯಿತಿ ಸಿಬ್ಬಂದಿಗೆ ಹಳ್ಳಿಯ ಆಸ್ತಿ ದಾಖಲೆ ಕೊಡುವ ಇ-ಸ್ವತ್ತು ತಂತ್ರಾಂಶದ ತರಬೇತಿ ಕೊಡಬೇಕು ಅಂದುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಗೊತ್ತಿರುವ ಅಧಿಕಾರಿಯೊಬ್ಬರು ಒಂದು ಗಂಟೆ ಮಾತಾಡುತ್ತಾರೆ. ಅದನ್ನು ವಿಡಿಯೊ ಮಾಡುತ್ತಾರೆ. ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟ್.

ಇನ್‌ಸ್ಟ್ರಕ್ಷನಲ್ ಡಿಸೈನರ್, ಅಂದರೆ ಕಂಪನಿಗಳಲ್ಲಿ ಎಲ್ಲರೂ 'ಐಡಿ' ಎಂದು ಕರೆಯುವ ವ್ಯಕ್ತಿ, ವಿಡಿಯೊಗೆ ಕೈ ಹಾಕುವ ಮೊದಲು ಬೇರೆ ಪ್ರಶ್ನೆ ಕೇಳಬೇಕು. ಈಗ ತಪ್ಪು ಎಲ್ಲಿ ಆಗುತ್ತಿದೆ? ಯಾವ ಆಸ್ತಿಗೆ ಫಾರ್ಮ್ 9, ಯಾವುದಕ್ಕೆ ಫಾರ್ಮ್ 11ಬಿ ಎಂಬ ನಿರ್ಧಾರದಲ್ಲೇ ಗೊಂದಲವಿದೆಯೇ? ನಿರ್ಧಾರ ಸರಿ ಇದ್ದು ಮಾಹಿತಿ ತುಂಬುವಾಗ ತಪ್ಪುತ್ತಿದೆಯೇ? ಅಥವಾ ಸಿಬ್ಬಂದಿಗೆ ಎಲ್ಲ ಗೊತ್ತಿದ್ದೂ ಸರ್ವರ್ ನಿಧಾನವಾಗಿ ಕೆಲಸ ನಿಂತಿದೆಯೇ? ಮೊದಲನೆಯದಾದರೆ ನಿಜವಾದ ಕಡತಗಳ ಮಾದರಿ ಕೊಟ್ಟು ನಿರ್ಧಾರ ಮಾಡಿಸುವ ಅಭ್ಯಾಸ ಬೇಕು. ಎರಡನೆಯದಾದರೆ ಮೇಜಿನ ಮೇಲೆ ಇಟ್ಟುಕೊಳ್ಳುವ ಒಂದು ಪುಟದ ಚೀಟಿ ಸಾಕು. ಮೂರನೆಯದಾದರೆ ತರಬೇತಿಯೇ ಬೇಡ. ಅಲ್ಲಿ ತರಬೇತಿ ಕೊಟ್ಟರೆ ದುಡ್ಡೂ ದಂಡ, ಸಿಬ್ಬಂದಿಯ ಸಮಯವೂ ದಂಡ.

ಯಾರಿಗೆ, ಏನನ್ನು, ಯಾಕೆ ಕಲಿಸಬೇಕು ಎಂದು ಕಂಡುಹಿಡಿಯುವುದು ಕೆಲಸದ ಮೊದಲ ಭಾಗ. ಅದಕ್ಕೆ ತಕ್ಕ ಪಾಠವನ್ನು ಕಟ್ಟುವುದು ಎರಡನೆಯದು. ಕಲಿತರೋ ಇಲ್ಲವೋ ಎಂದು ಪರೀಕ್ಷಿಸಿ ತಿದ್ದುವುದು ಮೂರನೆಯದು. ಹೊರಗಿನವರ ಕಣ್ಣಿಗೆ ಬೀಳುವುದು ನಡುವಿನ ಭಾಗ ಮಾತ್ರ. ಎಐ ಬಂದಿರುವುದೂ ಮುಖ್ಯವಾಗಿ ಅಲ್ಲಿಗೇ.

ಸೈನ್ಯದಿಂದ ಸಾಫ್ಟ್‌ವೇರ್‌ವರೆಗೆ

ಈ ವಿದ್ಯೆಯ ಬೇರು ಇರುವುದು ಅಮೆರಿಕದ ಸೈನಿಕ ತರಬೇತಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ಜನರಿಗೆ ಕಡಿಮೆ ಸಮಯದಲ್ಲಿ ಯಂತ್ರ ನಡೆಸಲು, ವಿಮಾನ ಹಾರಿಸಲು ಕಲಿಸಬೇಕಿತ್ತು. ಆ ಕೆಲಸಕ್ಕೆ ಮನಃಶಾಸ್ತ್ರಜ್ಞರನ್ನು ಕರೆದರು. ಅವರಲ್ಲೊಬ್ಬರಾದ ರಾಬರ್ಟ್ ಗಾನ್ಯೆ ಪಾಠಕ್ಕೆ ಒಂಬತ್ತು ಹಂತಗಳ ಕ್ರಮ ಕಟ್ಟಿಕೊಟ್ಟರು. ಇವತ್ತಿಗೂ ಐಡಿ ತರಗತಿಗಳಲ್ಲಿ ಅದನ್ನು ಕಲಿಸುತ್ತಾರೆ. 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೇನೆಗಾಗಿ ರೂಪಿಸಿದ ಮಾದರಿಯೇ ಮುಂದೆ 'ಆ್ಯಡಿ' ಎಂದು ಹೆಸರಾಯಿತು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಐದು ಹಂತ ಅದರದ್ದು.

ಅದೇ 1975ರ ಆಗಸ್ಟ್‌ನಲ್ಲಿ ಭಾರತದಲ್ಲಿ 'ಸೈಟ್' ಪ್ರಯೋಗ ಶುರುವಾಯಿತು. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಹೋಯಿತು. ಕರ್ನಾಟಕವೂ ಅದರಲ್ಲಿತ್ತು. ಈ ಪ್ರಯೋಗದ ಒಂದು ಸಂಗತಿ ಇವತ್ತು ಬಹಳ ಮುಖ್ಯ. ಜನ ಏನು ನೋಡುತ್ತಾರೆ, ಏನು ಅರ್ಥವಾಗುತ್ತದೆ, ಏನು ಬದಲಾಗುತ್ತದೆ ಎಂದು ತಿಳಿಯಲು ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ಉಳಿದು ಅಧ್ಯಯನ ಮಾಡಿದರು. ಪಾಠ ಕಳಿಸಿ ಕೈತೊಳೆದುಕೊಳ್ಳಲಿಲ್ಲ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗ ನಡೆಯಿತು. 2017ರಲ್ಲಿ ಕೇಂದ್ರದ ಆನ್‌ಲೈನ್ ಕೋರ್ಸ್‌ಗಳ ತಾಣ ಸ್ವಯಂ ಬಂತು, ಶಾಲಾ ಪಾಠಗಳ ತಾಣ ದೀಕ್ಷಾ ಬಂತು. ಪಾಠ ಹೊತ್ತೊಯ್ಯುವ ವಾಹನ ಪ್ರತಿ ಸಲವೂ ದೊಡ್ಡದಾಯಿತು. ಪಾಠ ಕಟ್ಟುವವರನ್ನು ತಯಾರು ಮಾಡುವ ಕೆಲಸ ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಎರಡು ವರ್ಷ ಏನು ಓದಿಸುತ್ತಾರೆ?

ಈ ಕೋರ್ಸ್‌ಗಳ ಪಠ್ಯವನ್ನು ಎರಡು ಪಾಲು ಮಾಡಬಹುದು. ಒಂದು ಪಾಲು ಉಪಕರಣಗಳದ್ದು. ಸ್ಟೋರಿಲೈನ್, ಕ್ಯಾಪ್ಟಿವೇಟ್, ಮೂಡಲ್‌ನಂಥ ತಂತ್ರಾಂಶ ಬಳಸುವುದು, ಪಾಠವನ್ನು ಸ್ಕಾರ್ಮ್ ಎಂಬ ಪ್ರಮಾಣಿತ ರೂಪದಲ್ಲಿ ಪ್ಯಾಕೇಜ್ ಮಾಡಿ ಎಲ್‌ಎಂಎಸ್‌ಗೆ, ಅಂದರೆ ಕಲಿಕೆ ನಡೆಸುವ ತಂತ್ರಾಂಶಕ್ಕೆ, ಏರಿಸುವುದು, ದನಿ ಮತ್ತು ವಿಡಿಯೊ ಸಂಪಾದನೆ. ಇನ್ನೊಂದು ಪಾಲು ತಿಳಿವಳಿಕೆಯದ್ದು. ಮನುಷ್ಯ ಹೇಗೆ ಕಲಿಯುತ್ತಾನೆ, ಗುರಿ ಹೇಗೆ ಬರೆಯಬೇಕು, ಪ್ರಶ್ನೆ ಹೇಗೆ ರೂಪಿಸಬೇಕು, ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಪಾಠ ಹೇಗೆ ಮುಟ್ಟಬೇಕು, ಪರಿಣಾಮ ಹೇಗೆ ಅಳೆಯಬೇಕು.

ಎರಡನೇ ಪಾಲಿನ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಈ ಓದಿನ ಬೆಲೆ ಎಲ್ಲಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1988ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಒಂದು ಹೊತ್ತಿಗೆ ನಮ್ಮ ತಲೆ ಹಿಡಿದಿಟ್ಟುಕೊಳ್ಳುವ ಸಂಗತಿಗಳಿಗೆ ಮಿತಿ ಇದೆ. ಬೇಡದ್ದನ್ನು ತುಂಬಿದರೆ ಬೇಕಾದ್ದಕ್ಕೆ ಜಾಗ ಇರುವುದಿಲ್ಲ. ಇದೇ ದಾರಿಯಲ್ಲಿ ಅಮೆರಿಕದ ರಿಚರ್ಡ್ ಮೇಯರ್ ಅನೇಕ ಪ್ರಯೋಗ ಮಾಡಿದರು. ಅವರ ಒಂದು ತೀರ್ಮಾನ ಹೀಗಿದೆ. ಚಿತ್ರ ತೋರಿಸಿ ಮಾತಿನಲ್ಲಿ ವಿವರಿಸುವಾಗ, ಅದೇ ಮಾತನ್ನು ಪರದೆಯ ಮೇಲೂ ಬರೆದರೆ ಕಲಿಕೆ ಕುಗ್ಗುತ್ತದೆ. ಕಣ್ಣು ಚಿತ್ರ ಮತ್ತು ಅಕ್ಷರದ ನಡುವೆ ಓಡಾಡಿ ದಣಿಯುತ್ತದೆ. ನಮ್ಮ ಬಹುತೇಕ ಆನ್‌ಲೈನ್ ಪಾಠಗಳು ಇದೇ ತಪ್ಪು ಮಾಡುತ್ತವೆ, ಅಲ್ವಾ?

ಆದರೆ ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ಪಾಠದ ಭಾಷೆ ಕಲಿಯುವವರ ಸ್ವಂತ ಭಾಷೆಯಲ್ಲದಿದ್ದರೆ ಈ ನಿಯಮ ಅದೇ ರೀತಿ ನಡೆಯುವುದಿಲ್ಲ. ಆಗ ಪರದೆಯ ಅಕ್ಷರ ಕಿವಿಗೆ ಆಸರೆಯಾಗಬಹುದು. ಕಲಬುರಗಿಯಲ್ಲೋ ಹಾವೇರಿಯಲ್ಲೋ ಹನ್ನೆರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಗ್ಲಿಷ್ ವಿಡಿಯೊ ಕೇಳುತ್ತಿರುವ ಹುಡುಗಿಗೆ ಏನು ಬೇಕು? ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಏನು ಬೇಕು? ಇಬ್ಬರಿಗೂ ಒಂದೇ ಉತ್ತರ ಇಲ್ಲ. ನಿಯಮ ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ ಎಂದು ತಿಳಿಯಲು ಸಂಶೋಧನೆ ಓದುವ ಅಭ್ಯಾಸ ಬೇಕು. ಎರಡು ದಿನದ ಟೂಲ್ ಟ್ರೈನಿಂಗ್‌ನಲ್ಲಿ ಅದು ಬರುವುದಿಲ್ಲ.

ಪರ, ವಿರೋಧ, ಮತ್ತು 'ನಾವು ಪಾಠ ಮಾಡ್ತಿಲ್ವಾ?'

ಕಂಪನಿಗಳ ಕಡೆಯ ವಾದ ನೇರವಾಗಿದೆ. ನಮಗೆ ಪದವಿ ಬೇಡ, ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸದ ಮಾದರಿಗಳನ್ನು ತೋರಿಸಿ. ಬೆಂಗಳೂರಿನಲ್ಲಿ ಈ ಕೆಲಸದಲ್ಲಿರುವ ಬಹಳಷ್ಟು ಜನ ಇಂಗ್ಲಿಷ್ ಎಂಎ, ಪತ್ರಿಕೋದ್ಯಮ, ಬಿ.ಇಡಿ, ಎಂಜಿನಿಯರಿಂಗ್ ಮುಗಿಸಿ ಬಂದವರು. ಕೆಲಸ ಮಾಡುತ್ತಲೇ ಕಲಿತರು, ಚೆನ್ನಾಗಿಯೇ ಮಾಡುತ್ತಿದ್ದಾರೆ. ಈ ವಾದದಲ್ಲಿ ಹುರುಳಿದೆ.

ವಿಶ್ವವಿದ್ಯಾಲಯದವರು ಬೇರೆ ಮಾತು ಹೇಳುತ್ತಾರೆ. ಪೋರ್ಟ್‌ಫೋಲಿಯೊದಲ್ಲಿ ಪಾಠ ಚಂದ ಕಾಣುತ್ತದೆ. ಅದರಿಂದ ಯಾರಾದರೂ ಕಲಿತರೇ ಎಂಬುದು ಕಾಣುವುದಿಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿ ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು. ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಸಿಕ್ಕಿತೇ. ಎಷ್ಟೋ ಕಡೆ ಮೊದಲ ಮೆಟ್ಟಿಲಲ್ಲೇ ನಿಂತು 'ಫೀಡ್‌ಬ್ಯಾಕ್ ಚೆನ್ನಾಗಿದೆ' ಎಂದು ಫೈಲು ಮುಚ್ಚುತ್ತಾರೆ. ಮೇಲಿನ ಮೆಟ್ಟಿಲುಗಳಿಗೆ ಅಂಕಿಅಂಶದ ತಿಳಿವಳಿಕೆ ಬೇಕು, ಸಂಶೋಧನೆಯ ಶಿಸ್ತು ಬೇಕು.

ಮೂರನೆಯವರು ಪಾಠ ಮಾಡುವ ಅಧ್ಯಾಪಕರು. ಇಷ್ಟು ವರ್ಷ ತರಗತಿಯಲ್ಲಿ ಕಲಿಸಿದವರಿಗೆ ಹೊರಗಿನವರು ಬಂದು ಪಾಠ ಕಟ್ಟುವುದು ಹೇಳಿಕೊಡಬೇಕೇ ಎಂಬ ಬೇಸರ ಅವರದ್ದು. ಆ ಬೇಸರವನ್ನು ತಳ್ಳಿಹಾಕುವಂತಿಲ್ಲ. ತರಗತಿಯಲ್ಲಿ ಅಧ್ಯಾಪಕರು ಮುಖ ನೋಡಿಯೇ ಅರ್ಥವಾಗಲಿಲ್ಲ ಎಂದು ಗುರುತಿಸುತ್ತಾರೆ, ಅಲ್ಲೇ ಇನ್ನೊಂದು ಉದಾಹರಣೆ ಕೊಡುತ್ತಾರೆ. ರೆಕಾರ್ಡ್ ಮಾಡಿದ ಪಾಠದಲ್ಲಿ ಆ ಅವಕಾಶ ಇಲ್ಲ. ಎಲ್ಲಿ ಎಡವುತ್ತಾರೆ ಎಂದು ಮೊದಲೇ ಊಹಿಸಿ ಪಾಠದೊಳಗೇ ಉತ್ತರ ಇಟ್ಟಿರಬೇಕು. ಐಐಟಿ ಬಾಂಬೆಯ ಎಜುಕೇಷನಲ್ ಟೆಕ್ನಾಲಜಿ ತಂಡ ಆನ್‌ಲೈನ್ ಕೋರ್ಸ್‌ಗಾಗಿ ರೂಪಿಸಿದ, ಕಲಿಯುವವರನ್ನೇ ಕೇಂದ್ರದಲ್ಲಿಡುವ 'ಎಲ್‌ಸಿಎಂ' ಮಾದರಿ ಇದನ್ನೇ ಮಾಡುತ್ತದೆ. ವಿಡಿಯೊ ನಡುವೆ ನಿಲ್ಲಿಸಿ ಯೋಚಿಸಲು ಹೇಳುತ್ತದೆ, ಕೂಡಲೇ ಅಭ್ಯಾಸ ಕೊಡುತ್ತದೆ, ತಪ್ಪಿಗೆ ತಕ್ಕ ಉತ್ತರ ಕೊಡುತ್ತದೆ. ಅಧ್ಯಾಪಕರ ಅನುಭವ ಇಲ್ಲದೆ ಇಂಥ ಪಾಠ ಆಗುವುದಿಲ್ಲ. ಆ ಅನುಭವ ಒಂದೇ ಸಾಲುವುದೂ ಇಲ್ಲ.

ಎಐ ಯಾವ ಮೆಟ್ಟಿಲನ್ನು ಕಿತ್ತಿತು?

ಸ್ಟೋರಿಬೋರ್ಡ್‌ನ (ಪರದೆಯಿಂದ ಪರದೆಗೆ ಪಾಠದ ನಕ್ಷೆ) ಮೊದಲ ಕರಡು, ಬಹು ಆಯ್ಕೆ ಪ್ರಶ್ನೆಗಳು, ವಾಯ್ಸ್‌ಓವರ್, ಒಂದು ಭಾಷೆಯಿಂದ ಇನ್ನೊಂದಕ್ಕೆ ಒರಟು ಅನುವಾದ. ಇವೆಲ್ಲ ಈಗ ನಿಮಿಷಗಳ ಕೆಲಸ. ಪಠ್ಯದ ಉಪಕರಣದ ಪಾಲು ಇದರಿಂದ ಬೇಗ ಹಳತಾಗುತ್ತದೆ. ಎರಡು ವರ್ಷ ಬರೀ ಸಾಫ್ಟ್‌ವೇರ್ ಕಲಿಸುವ ಕೋರ್ಸ್‌ಗೆ ಫೀಸು ಕಟ್ಟುವುದು ಈಗ ನಷ್ಟದ ವ್ಯವಹಾರ.

ಇದರ ಮುಂದಿನ ಪರಿಣಾಮ ಇನ್ನೂ ಗಂಭೀರ. ಹೊಸಬರಿಗೆ ಸಿಗುತ್ತಿದ್ದ ಮೊದಲ ಕೆಲಸ ಇದೇ ಆಗಿತ್ತು. ಪ್ರಶ್ನೆ ಬರೆದು, ಸ್ಟೋರಿಬೋರ್ಡ್ ತಿದ್ದಿಸಿಕೊಂಡು, ವಿಷಯ ತಜ್ಞರ ಜೊತೆ ಕೂತು, ನಾಲ್ಕೈದು ವರ್ಷದಲ್ಲಿ ಅವರು ಪಳಗುತ್ತಿದ್ದರು. ಆ ಮೊದಲ ಕೆಲಸವೇ ಕಡಿಮೆಯಾದರೆ ಅನುಭವಿ ಐಡಿಗಳು ಎಲ್ಲಿಂದ ಬರುತ್ತಾರೆ? 'ಕೆಲಸ ಮಾಡುತ್ತಲೇ ಕಲಿಯಿರಿ' ಎಂಬ ಕಂಪನಿಗಳ ಮಾತು ನಿಂತಿದ್ದು ಈ ಮೆಟ್ಟಿಲಿನ ಮೇಲೆ. ಅದು ಹೋದರೆ ಪಳಗಿಸುವ ಹೊಣೆ ವಿಶ್ವವಿದ್ಯಾಲಯಗಳ ಮೇಲೆ ಬೀಳುತ್ತದೆ. ಹಾಗಾಗಿ ಎಐ ಬಂದ ಮೇಲೆ ಸ್ನಾತಕೋತ್ತರ ಓದಿನ ಅಗತ್ಯ ಹೆಚ್ಚಿದೆ ಎಂದೇ ಹೇಳಬೇಕು. ಆದರೆ ಆ ಓದು ನಿಜವಾದ ಕಲಿಯುವವರ ಮಧ್ಯೆ ನಡೆಯಬೇಕು.

ಇನ್ನೊಂದು ಮಾತು. ಕೋರ್ಸ್‌ಗಳ ಸಂಖ್ಯೆ ಹೆಚ್ಚಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದಲ್ಲಿನ ಹಾರ್ವರ್ಡ್ ಮತ್ತು ಎಂಐಟಿ ಕೋರ್ಸ್‌ಗಳ ದತ್ತಾಂಶ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ಶೇ 3.13 ಮಾತ್ರ. ಆಗ ಪಾಠಗಳಿಗೆ ಕೊರತೆ ಇರಲಿಲ್ಲ. ಜಗತ್ತಿನ ಅತಿ ದೊಡ್ಡ ಹೆಸರುಗಳ ಪಾಠಗಳೇ ಅಲ್ಲಿದ್ದವು. ಶುರು ಮಾಡಿದವರನ್ನು ಕೊನೆವರೆಗೆ ಹಿಡಿದಿಟ್ಟುಕೊಳ್ಳುವುದು ಬೇರೆಯದೇ ಕೆಲಸ.

ಯುಜಿಸಿ ನಿಯಮಗಳಿಗೂ ಇದಕ್ಕೂ ಏನು ಸಂಬಂಧ?

2021-22ರ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಉನ್ನತ ಶಿಕ್ಷಣಕ್ಕೆ ಸೇರುವವರ ಪ್ರಮಾಣ ಶೇ 28.4. ರಾಷ್ಟ್ರೀಯ ಶಿಕ್ಷಣ ನೀತಿ 2035ರ ಹೊತ್ತಿಗೆ ಅದನ್ನು ಶೇ 50ಕ್ಕೆ ಏರಿಸಬೇಕು ಎನ್ನುತ್ತದೆ. ಅಷ್ಟು ಕಟ್ಟಡ, ಅಷ್ಟು ಅಧ್ಯಾಪಕರು ಆ ಹೊತ್ತಿಗೆ ಸಿಗುವುದು ಕಷ್ಟ. ಹಾಗಾಗಿ ಆನ್‌ಲೈನ್ ದಾರಿ ಅಗಲವಾಗುತ್ತಿದೆ. 2020ರ ಯುಜಿಸಿ ನಿಯಮಾವಳಿ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ ಉತ್ತಮ ಅಂಕ ಪಡೆದ ವಿಶ್ವವಿದ್ಯಾಲಯಗಳಿಗೆ ಪೂರ್ತಿ ಆನ್‌ಲೈನ್ ಪದವಿ ಕೊಡಲು ಬಿಟ್ಟಿತು. 2021ರಲ್ಲಿ ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಸ್ವಯಂನಲ್ಲಿ ಓದಲು ಅವಕಾಶವಾಯಿತು. 2022ರಲ್ಲಿ, ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ ಸ್ಪಷ್ಟಪಡಿಸಿತು.

ಕಾಗದದಲ್ಲಿ ಸಮ. ಕಲಿಕೆಯಲ್ಲಿ ಸಮ ಆಗಬೇಕಾದರೆ ಪಾಠ ಹಾಗೆ ಕಟ್ಟಿರಬೇಕು. 2020ರ ಮಾರ್ಚ್‌ನಲ್ಲಿ ಅಮೆರಿಕದ ಕೆಲವು ತಜ್ಞರು ಕೋವಿಡ್ ಕಾಲದ ತುರ್ತು ಪಾಠಕ್ಕೂ ನಿಜವಾದ ಆನ್‌ಲೈನ್ ಕಲಿಕೆಗೂ ಇರುವ ಅಂತರ ವಿವರಿಸಿ ಲೇಖನ ಬರೆದರು. ವಿಶ್ವವಿದ್ಯಾಲಯ ಮಟ್ಟದ ಒಂದು ಆನ್‌ಲೈನ್ ಕೋರ್ಸ್ ಸಿದ್ಧವಾಗಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬೇಕು ಎಂದು ಅವರು ಹೇಳಿದ್ದರು. ಪೂರ್ತಿ ಪದವಿಗೆ ಎಷ್ಟು ಕೋರ್ಸ್ ಬೇಕು, ಅದಕ್ಕೆ ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಿದರೆ ಕೊರತೆಯ ಗಾತ್ರ ಗೊತ್ತಾಗುತ್ತದೆ.

ಮನಃಶಾಸ್ತ್ರದ ಸೂಚನೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಆ ವಿಷಯಗಳು 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದು ಯುಜಿಸಿ ಕೊಟ್ಟ ಕಾರಣ. ರೋಗಿಯ ಎದುರು ಕೂರಬೇಕಾದವರಿಗೆ ಎದುರುಬದುರು ತರಬೇತಿ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಇತಿಹಾಸ, ಸಿದ್ಧಾಂತ, ಅಂಕಿಅಂಶದ ಪಾಠಗಳನ್ನು ಆನ್‌ಲೈನ್‌ನಲ್ಲಿ ಕಲಿಸಿ, ಸಮಾಲೋಚನೆಯ ಅಭ್ಯಾಸವನ್ನು ಮಾತ್ರ ಕ್ಯಾಂಪಸ್‌ನಲ್ಲಿ ಮಾಡಿಸಬಹುದಿತ್ತಲ್ಲ? ಯಾವ ಭಾಗ ಎಲ್ಲಿ ಕಲಿಸಬೇಕು ಎಂದು ಬಿಡಿಸಿ ಹೇಳುವ ಪರಿಣತರು ವ್ಯವಸ್ಥೆಯೊಳಗೆ ಸಾಕಷ್ಟು ಇಲ್ಲದಿದ್ದಾಗ ಪೂರ್ತಿ ಬಿಡುವುದು, ಇಲ್ಲವೇ ಪೂರ್ತಿ ನಿಲ್ಲಿಸುವುದು ಎಂಬ ಎರಡೇ ದಾರಿ ಕಾಣುತ್ತವೆ. ಕೆಲಸ ಮಾಡುತ್ತಾ ಓದುವ ಹೆಣ್ಣುಮಕ್ಕಳಿಗೆ, ಸಣ್ಣ ಊರಿನವರಿಗೆ ಇದರ ಬಿಸಿ ಜಾಸ್ತಿ ತಟ್ಟುತ್ತದೆ.

ಸೇರುವ ಮೊದಲು

ನಮ್ಮ ದೇಶದಲ್ಲಿ ಈ ಓದಿಗೆ ದಾರಿಗಳು ಹೆಚ್ಚಿಲ್ಲ. ಇಗ್ನೋದಲ್ಲಿ ದೂರಶಿಕ್ಷಣದ ಎಂಎ ಇದೆ. ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ತಂತ್ರಜ್ಞಾನದ್ದೇ ವಿಭಾಗವಿದೆ. ಐಐಟಿ ಬಾಂಬೆ 2010ರಿಂದ ಪಿಎಚ್‌ಡಿ ಮಾಡಿಸುತ್ತಿದೆ. ಉಳಿದಂತೆ ಎಲ್ಲೆಡೆ ಕಾಣುವುದು ಖಾಸಗಿ ಸರ್ಟಿಫಿಕೇಟ್ ಕೋರ್ಸ್‌ಗಳು. 'ಪಿಜಿ ಪ್ರೋಗ್ರಾಂ' ಎಂಬ ಹೆಸರಿದ್ದ ಮಾತ್ರಕ್ಕೆ ಅದು ಪದವಿಯಲ್ಲ.

ಪದವಿಯನ್ನೇ ಆನ್‌ಲೈನ್‌ನಲ್ಲಿ ಮಾಡುವುದಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸ್‌ಗೆ ಅನುಮತಿ ಇದೆಯೇ ನೋಡಿ. 2024ರಿಂದ ವಿದ್ಯಾರ್ಥಿಗಳು ಆ ಬ್ಯೂರೋದ ಗುರುತಿನ ಸಂಖ್ಯೆಯಾದ ಡಿಇಬಿ-ಐಡಿ ಮಾಡಿಸಿಕೊಳ್ಳುವುದೂ ಕಡ್ಡಾಯ. ಎಡ್‌ಟೆಕ್ ಕಂಪನಿಗಳಿಗೆ ಫ್ರಾಂಚೈಸಿ ಕೊಟ್ಟು ಪದವಿ ನಡೆಸುವಂತಿಲ್ಲ ಎಂದೂ ಯುಜಿಸಿ ಹೇಳಿದೆ. ಈ ಎಚ್ಚರ ಸುಮ್ನೆ ಅಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ತಪ್ಪಿ, 2018ರಲ್ಲಷ್ಟೇ ಮತ್ತೆ ಸಿಕ್ಕಿತು. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ್ದು ಅದಕ್ಕೆ ದೊಡ್ಡ ಕಾರಣ. ಕಷ್ಟಪಟ್ಟಿದ್ದು ಮಾತ್ರ ವಿದ್ಯಾರ್ಥಿಗಳು.

ಮಾನ್ಯತೆ ಸರಿ ಇದ್ದರೆ ಮುಂದೆ ಪಠ್ಯ ನೋಡಿ. ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಎಂಬುದಕ್ಕಿಂತ, ನೀವು ಕಟ್ಟಿದ ಪಾಠವನ್ನು ನಿಜವಾದ ಕಲಿಯುವವರ ಮೇಲೆ ಪ್ರಯೋಗಿಸಿ, ಫಲ ಅಳೆದು, ತಿದ್ದಿಸುತ್ತಾರೆಯೇ ಎಂದು ಕೇಳಿ. ಪರೀಕ್ಷಾ ಪ್ರಶ್ನೆ ರೂಪಿಸುವುದಕ್ಕೆ ಪ್ರತ್ಯೇಕ ಪೇಪರ್ ಇದೆಯೇ ಕೇಳಿ. ಎಐ ಕೊಟ್ಟ ಪಾಠದ ತಪ್ಪು ಹುಡುಕುವ ಅಭ್ಯಾಸ ಇದೆಯೇ ಕೇಳಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಸೂಚನೆ. 2026ರ ಜುಲೈ 1ರಿಂದ ಹೊಸ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ಓದಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಸಾಮಾನ್ಯ ಸ್ನಾತಕೋತ್ತರ ಕೋರ್ಸ್‌ಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್. ದುಬಾರಿ ಫೀಸಿನ ಕೋರ್ಸ್ ಆರಿಸುವ ಮೊದಲು ಈ ಲೆಕ್ಕ ಹಾಕಲೇಬೇಕು.

ಮೈಸೂರಿನಲ್ಲಿ ಏನೇನಿದೆ ನೋಡಿ

ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನಲ್ಲಿದೆ. ಮುಕ್ತ ವಿಶ್ವವಿದ್ಯಾಲಯ ಅಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ವಿಡಿಯೊ ಮಾಡುವ ಇಎಂಆರ್‌ಸಿ ಇದೆ, ಆನ್‌ಲೈನ್ ಪದವಿಗಳೂ ಇವೆ. ಭಾರತೀಯ ಭಾಷಾ ಸಂಸ್ಥಾನ ಇದೆ. ವಾಕ್ ಮತ್ತು ಶ್ರವಣದ ಅಖಿಲ ಭಾರತ ಸಂಸ್ಥೆ ಇದೆ. ಇನ್ಫೊಸಿಸ್‌ನ ದೊಡ್ಡ ತರಬೇತಿ ಕ್ಯಾಂಪಸ್ ಇದೆ. ಎಕ್ಸೆಲ್‌ಸಾಫ್ಟ್ ಇದೆ. ಕಲಿಕೆಯ ವಿಜ್ಞಾನ, ಭಾಷೆ, ಅಂಗವಿಕಲರ ಅಗತ್ಯ, ವಿಡಿಯೊ, ತಂತ್ರಾಂಶ, ದೊಡ್ಡ ಪ್ರಮಾಣದ ತರಬೇತಿ. ಈ ಓದಿಗೆ ಬೇಕಾದ್ದೆಲ್ಲ ಒಂದೇ ಊರಿನಲ್ಲಿ ಆಟೋದಲ್ಲಿ ಹೋಗುವಷ್ಟು ದೂರದಲ್ಲಿದೆ.

ಇವರೆಲ್ಲ ಸೇರಿ ಎರಡು ವರ್ಷದ ಒಂದು ಸ್ನಾತಕೋತ್ತರ ಕೋರ್ಸ್ ಶುರು ಮಾಡಬಹುದು. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಹುಡುಕುವ ಕಷ್ಟವೂ ಇಲ್ಲ. ಮುಕ್ತ ವಿಶ್ವವಿದ್ಯಾಲಯದ ಬಿಎ, ಬಿಕಾಂ ಪೇಪರ್‌ಗಳಲ್ಲಿ ಜಾಸ್ತಿ ಜನ ಫೇಲಾಗುವ ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರಿಗೆ ಕೊಡಲಿ. ಅವರು ಫೇಲಾದವರ ಜೊತೆ ಮಾತಾಡಿ ಕಾರಣ ಹುಡುಕಲಿ. ಕನ್ನಡದಲ್ಲಿ ಪಾಠ ಕಟ್ಟಲಿ, ಕರಡಿಗೆ ಎಐ ಬೇಕಾದರೆ ಬಳಸಲಿ. ಮುಂದಿನ ಪರೀಕ್ಷೆಯ ಫಲಿತಾಂಶದಲ್ಲಿ ವ್ಯತ್ಯಾಸವಾಯಿತೇ ಎಂದು ಅಳೆದು ವರದಿ ಕೊಡಲಿ. ಅದರ ಮೇಲೆ ಅಂಕ ಹಾಕಲಿ.